ಎಳೆಯರ ಆಟದಲ್ಲಿ ಅಡಗಿರುವ ವಿಜ್ಞಾನ

ಮೂರು ವರ್ಷದ ಮಗುವಿನ ಮುಂದೆ ಒಂದು ಬೋಗುಣಿ ನೀರನ್ನಿಟ್ಟು, ಅದು ಮಾಡುವುದನ್ನು ಕಾಲು ಗಂಟೆ ಸುಮ್ಮನೆ ನೋಡಿರಿ. ಮೊದಲು ಅದು ಅಂಗೈಯಿಂದ ನೀರನ್ನು ಬಡಿಯುವುದು. ಬಳಿಕ ಚಮಚ, ಮುಚ್ಚಳ, ಅಪ್ಪನ ಚಪ್ಪಲಿ ಮೊದಲಾಗಿ ಕೈಗೆ ಸಿಕ್ಕಿದುದನ್ನೆಲ್ಲ ಒಂದೊಂದಾಗಿ ಅದರೊಳಕ್ಕೆ ಹಾಕುವುದು. ಮುಳುಗಿದುದನ್ನು ಎತ್ತಿ ಮತ್ತೆ ಹಾಕುವುದು. ಒಮ್ಮೆ ಮುಳುಗಿದ ಚಮಚ ಎರಡನೆಯ ಸಲವೂ ಮುಳುಗೀತೇ ಎಂಬ ಸಂದೇಹ ನಮಗೆ ಬಾರದು; ಮಗುವಿಗೆ ಬರುವುದು. ಸಂದೇಹ ಬಂದೊಡನೆ ಅದು ಪರೀಕ್ಷೆಗೆ ತೊಡಗುವುದು. ಒಂದೇ ಪ್ರಯೋಗವನ್ನು ಹತ್ತು ಸಲ ಮಾಡಿ, ಹತ್ತು ಸಲವೂ ಅದೇ ಫಲ ದೊರೆಯಿತೇ ಎಂದು ನೋಡುವ ಈ ಅಭ್ಯಾಸವನ್ನು ಹದಿನೆಂಟು ವರ್ಷದವರಿಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿಸಲು ಅಧ್ಯಾಪಕರಾದ ನಾವು ಪಡುವ ಪಾಡು ಅಷ್ಟಿಷ್ಟಲ್ಲ. ಮೂರನೆಯ ವಯಸ್ಸಿನಲ್ಲಿದ್ದ ಗುಣ ಹದಿನೆಂಟನೆಯ ವಯಸ್ಸಿನ ವೇಳೆಗೆ ಎಲ್ಲಿ ಹೋಯಿತೆಂಬುದು ವಿಚಾರಿಸತಕ್ಕ ಪ್ರಶ್ನೆಯೇ ಸರಿ.

ಈಚಿನ ವರ್ಷಗಳಲ್ಲಿ ‘ಸ್ಟೆಮ್’ ಎಂಬ ಹೊಸ ಶಬ್ದವೊಂದು ನಮ್ಮ ಪಟ್ಟಣಗಳ ಶಿಶುವಿಹಾರಗಳ ಬಾಗಿಲಿನ ಮೇಲೂ ಕಾಣಿಸಿಕೊಂಡಿದೆ. ವಿಜ್ಞಾನ, ತಂತ್ರವಿದ್ಯೆ, ಇಂಜಿನಿಯರಿಂಗ್, ಗಣಿತ ಎಂಬ ನಾಲ್ಕು ವಿಷಯಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಕಟ್ಟಿದ ಶಬ್ದವದು. ಶಬ್ದದ ಹಿಂದೆಯೇ ಬಣ್ಣಬಣ್ಣದ ಪೆಟ್ಟಿಗೆಗಳೂ ಬಂದಿವೆ; ಸಾವಿರಾರು ರೂಪಾಯಿ ತೆತ್ತು ಅವನ್ನು ಕೊಳ್ಳುವವರೂ ಇದ್ದಾರೆ. ಪೆಟ್ಟಿಗೆಗಳ ಮೇಲೆ ನಮಗೇನೂ ದ್ವೇಷವಿಲ್ಲ. ಆದರೆ ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ಊರುಗಳಲ್ಲಿ ಮನೆಯ ಅಡಿಗೆಕೋಣೆಯೂ ಅಂಗಳವೂ ಒದಗಿಸುವ ಸಲಕರಣೆಗಳಿಗಿಂತ ಮಿಗಿಲಾದುದು ಆ ಪೆಟ್ಟಿಗೆಗಳಲ್ಲಿ ಇದೆಯೆಂದು ಮಾತ್ರ ನಾವು ನಂಬಲಾರೆವು. ವಾಚಕರಲ್ಲಿ ಅನೇಕರ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇದ್ದೇ ಇರಬೇಕು. ಇಲ್ಲಿ ಹೇಳುವ ಆಟಗಳನ್ನು ಅವರೊಡನೆ ಆಡಿ ನೋಡಬಹುದು. ಆಟ ಮಗುವಿಗೆ, ಆಟದ ಹಿಂದಿರುವ ಭೌತವಿಜ್ಞಾನ ನಿಮಗೆ. ಇವೆರಡನ್ನು ಅದಲುಬದಲು ಮಾಡಬಾರದೆಂಬುದೊಂದೇ ನಮ್ಮ ಕರಾರು.

ತಿ. ನರಸೀಪುರವನ್ನು ಹೆಸರಿಸಿದುದಕ್ಕೆ ಕಾರಣವುಂಟು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೆಂಬ ಹೆಸರಿನಲ್ಲಿ 1975ನೆಯ ಅಕ್ಟೋಬರ್ 2ರಂದು ಭಾರತ ಸರ್ಕಾರವು ದೇಶದ 33 ಕಡೆಗಳಲ್ಲಿ ಅಂಗನವಾಡಿಗಳನ್ನು ತೆರೆಯುವ ಕಾರ್ಯವನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆಯ್ಕೆಯಾದುದು ತಿ. ನರಸೀಪುರ, ನೂರು ಕೇಂದ್ರಗಳಿಂದ ಕೆಲಸ ಮೊದಲಾಯಿತು. ಇಂದು ರಾಜ್ಯದಲ್ಲಿ 65,000ಕ್ಕೂ ಮಿಕ್ಕ ಅಂಗನವಾಡಿಗಳಿವೆ. ಅಂದರೆ ನಮ್ಮ ನಾಡಿನ ಅಂಗನವಾಡಿಗಳಿಗೆಲ್ಲ ಕಪಿಲಾ ಕಾವೇರಿಯರ ಸಂಗಮದ ಈ ಊರೇ ತವರೆನ್ನಬಹುದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವನ್ನು ಕೊಡುವುದು ಈ ಕೇಂದ್ರಗಳ ಮುಖ್ಯ ಕರ್ತವ್ಯಗಳಲ್ಲೊಂದು. ಆದರೆ ಆಹಾರ, ಚುಚ್ಚುಮದ್ದು, ತೂಕ, ದಾಖಲೆಪುಸ್ತಕ ಇವೆಲ್ಲವೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯರ ಮೇಲೆಯೇ ಬೀಳುವುದರಿಂದ ಆಟಕ್ಕೆ ಉಳಿಯುವ ವೇಳೆ ಕಡಿಮೆ. ಅಂಗನವಾಡಿಯೆಂದರೆ ಊಟದ ಕೇಂದ್ರವೆಂದು ಭಾವಿಸಿ, ಮೂರು ವರ್ಷದ ಮಗುವನ್ನು ಸಾಲ ಮಾಡಿಯಾದರೂ ಇಂಗ್ಲಿಷ್ ನರ್ಸರಿಗೆ ಕಳುಹಿಸುವ ತಂದೆತಾಯಿಗಳು ಈಗ ಹಳ್ಳಿಗಳಲ್ಲಿಯೂ ವಿರಳವಲ್ಲ. ಅಲ್ಲಿ ಮಗು ನೂರರವರೆಗೆ ಅಂಕಿ ಬರೆಯುವುದನ್ನು ಕಲಿತು ಬರುವುದು. ಏಳು ಎಂಬುದು ಐದಕ್ಕಿಂತ ಎಷ್ಟು ಹೆಚ್ಚು ಎಂದು ಕೇಳಿದರೆ ಮಾತ್ರ ಮುಖ ನೋಡುವುದು. ಅಂಕಿ ಬರೆಯುವುದು ಕೈಯ ಕೆಲಸ. ಸಂಖ್ಯೆಯನ್ನು ಅರಿಯುವುದು ಬೇರೆಯೇ ಒಂದು ವ್ಯಾಪಾರ.

ಆಟವೇ ಎಳೆಯರ ಪಾಠವೆಂಬುದು ಹೊಸ ಮಾತಲ್ಲ. ಜರ್ಮನಿಯ ಫ್ರೋಬೆಲನು 1837ರಲ್ಲಿಯೇ ಚೆಂಡು, ಉರುಳೆ, ಘನಗಳನ್ನು ಮಕ್ಕಳ ಕೈಗಿತ್ತು ಶಾಲೆಯೊಂದನ್ನು ಆರಂಭಿಸಿದನು. ವೈದ್ಯಕೀಯ ವ್ಯಾಸಂಗ ಮಾಡಿದ್ದ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತನ್ನ ಮೊದಲ ಶಿಶುಗೃಹವನ್ನು ತೆರೆದಳು. 1939ರಲ್ಲಿ ಮದರಾಸಿನ ಅಡಿಯಾರಿಗೆ ಬಂದು, ಯುದ್ಧಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದು, ನಮ್ಮ ದೇಶದ ಅನೇಕ ಅಧ್ಯಾಪಕರಿಗೆ ತರಬೇತು ಕೊಟ್ಟಳು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರ 1920ರಲ್ಲಿ ತಲೆಯೆತ್ತಿತು. ಮೂರರಿಂದ ಎಂಟು ವರ್ಷದವರೆಗಿನ ಮಕ್ಕಳ ಕಲಿಕೆ ಆಟದ ಮೂಲಕವೇ ನಡೆಯಬೇಕೆಂದು 2022ರಲ್ಲಿ ಹೊರಟ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟೂ ಹೇಳುತ್ತದೆ. ಹೇಳುವವರಿಗೆ ಕೊರತೆಯಿಲ್ಲ, ಆಡುವವರು ಬೇಕು.

ಇನ್ನು ಬೋಗುಣಿಯ ನೀರಿಗೆ ಬರೋಣ. ಒಂದು ಅಗಲವಾದ ಪಾತ್ರೆಯಲ್ಲಿ ನಾಲ್ಕು ಬೆರಳಿನಷ್ಟು ನೀರಿರಲಿ; ಅದಕ್ಕಿಂತ ಹೆಚ್ಚು ಬೇಡ. ಪಕ್ಕದಲ್ಲಿ ಒಂದು ರಸಬಾಳೆಹಣ್ಣು, ಸ್ಟೀಲಿನ ಚಮಚ, ಹೆಂಚಿನ ಚೂರು, ಒಣಗಿದ ತೆಂಗಿನ ಚಿಪ್ಪು, ಮರದ ಸೌಟು, ಆಲೂಗೆಡ್ಡೆ, ಸುಲಿಯದ ಕಿತ್ತಳೆ ಇವನ್ನಿಡಿರಿ. ಒಂದೊಂದನ್ನೂ ಹಾಕುವ ಮುನ್ನ ‘ಇದು ಏನು ಮಾಡೀತು?’ ಎಂದು ಮಗುವನ್ನು ಕೇಳಬೇಕು. ಉತ್ತರ ಸರಿಯೋ ತಪ್ಪೋ ಎಂದು ನೀವು ಹೇಳಕೂಡದು, ನೀರೇ ಹೇಳುವುದು. ಬಾಳೆಹಣ್ಣು ತೇಲುವುದನ್ನು ಕಂಡು ದೊಡ್ಡವರೇ ಹುಬ್ಬೇರಿಸುವುದುಂಟು. ಕಿತ್ತಳೆ ತೇಲಿದ ಮೇಲೆ ಸಿಪ್ಪೆ ಸುಲಿದು ಮತ್ತೆ ಹಾಕಿರಿ. ಹಗುರವಾಯಿತಲ್ಲ, ಇನ್ನೂ ಚೆನ್ನಾಗಿ ತೇಲಬೇಕಾಗಿತ್ತು; ಆದರೆ ಅದು ಮುಳುಗುವುದು! ಸಿಪ್ಪೆಯ ಬೆಂಡಿನಂಥ ಒಳಪದರದಲ್ಲಿ ಗಾಳಿ ತುಂಬಿರುವುದರಿಂದ ಸಿಪ್ಪೆಸಹಿತವಾದ ಹಣ್ಣಿನ ಸಾಂದ್ರತೆ ನೀರಿನದಕ್ಕಿಂತ ಕಡಿಮೆ. ಸಿಪ್ಪೆ ಹೋದರೆ ತೊಳೆಗಳ ಸಾಂದ್ರತೆ ನೀರಿನದಕ್ಕಿಂತ ತುಸು ಹೆಚ್ಚು.

ಆರ್ಕಿಮಿಡೀಸನ ನಿಯಮವನ್ನು ಒಂದಕ್ಷರ ಬಿಡದೆ ಒಪ್ಪಿಸುವ ವಿದ್ಯಾರ್ಥಿಗಳಲ್ಲಿಯೂ ‘ಹಗುರವಾದುದು ತೇಲುವುದು, ಭಾರವಾದುದು ಮುಳುಗುವುದು’ ಎಂಬ ನಂಬಿಕೆ ಮನಸ್ಸಿನ ಅಡಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಗುಂಡುಸೂಜಿ ಮುಳುಗುವುದನ್ನೂ ಹತ್ತು ಕಿಲೋಗ್ರಾಂ ತೂಕದ ಮರದ ದಿಮ್ಮಿ ತೇಲುವುದನ್ನೂ ನೆನಪಿಗೆ ತಂದಾಗ ಅವರಿಗೆ ಗೊಂದಲವಾಗುವುದು. ಈ ನಂಬಿಕೆಯನ್ನು ಕೆಡವಲು ಸೂತ್ರಕ್ಕಿಂತ ಕಿತ್ತಳೆಯೇ ಮೇಲು. ಅದೂ ನಾಲ್ಕನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದರೆ, ಹದಿನಾಲ್ಕನೆಯ ವಯಸ್ಸಿನಲ್ಲಿ ಸಾಂದ್ರತೆಯೆಂಬ ಶಬ್ದ ಬಂದಾಗ ಅದು ಕುಳಿತುಕೊಳ್ಳಲು ಒಂದು ಪೀಠ ಸಿದ್ಧವಾಗಿರುತ್ತದೆ.

ಅದೇ ನೀರಿನಲ್ಲಿ ಎರಡನೆಯ ಆಟ. ನಾದಿದ ಜೇಡಿಮಣ್ಣಿನ ಒಂದು ಉಂಡೆಯನ್ನು ಮಗುವಿನ ಕೈಯಲ್ಲಿಯೇ ಹಾಕಿಸಿರಿ, ಮುಳುಗುವುದು. ‘ಇದನ್ನು ತೇಲಿಸಬಲ್ಲೆಯಾ?’ ಎಂದು ಕೇಳಿ ಬಿಟ್ಟುಬಿಡಿರಿ. ಮಗು ಉಂಡೆಯನ್ನು ಚಿಕ್ಕದು ಮಾಡುವುದು, ಉದ್ದ ಮಾಡುವುದು, ಮೆಲ್ಲನೆ ಇಳಿಬಿಡುವುದು. ಎಲ್ಲವೂ ವ್ಯರ್ಥ. ಬಹಳ ಹೊತ್ತಿನ ಮೇಲೆ, ಕೆಲವೊಮ್ಮೆ ಎಷ್ಟೋ ದಿನಗಳ ಮೇಲೆ, ಹೆಬ್ಬೆಟ್ಟಿನಿಂದ ಒತ್ತಿ ಬಟ್ಟಲು ಮಾಡುವ ಯುಕ್ತಿ ಹೊಳೆಯುವುದು. ಆ ಕ್ಷಣದಲ್ಲಿ ಮಗುವಿನ ಮುಖವನ್ನು ನೋಡುವ ಭಾಗ್ಯಕ್ಕಾಗಿಯಾದರೂ ಉತ್ತರವನ್ನು ನೀವು ಮೊದಲೇ ಹೇಳದಿರುವುದು ಲೇಸು. ಇನ್ನು ಲೆಕ್ಕ ನಿಮ್ಮದು. 200 ಗ್ರಾಂ ತೂಕದ, ಸಾಂದ್ರತೆ 2 ಇರುವ ಮಣ್ಣಿನುಂಡೆಯ ಗಾತ್ರ 100 ಘನ ಸೆಂಟಿಮೀಟರು. ಮುಳುಗಿದಾಗ ಅದು ತಳ್ಳುವ ನೀರು 100 ಗ್ರಾಂ ಮಾತ್ರ. ಅದೇ ಮಣ್ಣನ್ನು ಬಟ್ಟಲಾಗಿ ಮಾಡಿ, ಅಂಚಿನವರೆಗೆ ಮುಳುಗಿದಾಗ ಅದು 200 ಘನ ಸೆಂಟಿಮೀಟರಿಗಿಂತ ಹೆಚ್ಚು ನೀರನ್ನು ತಳ್ಳುವಂತೆ ಅಗಲಿಸಿದರೆ ತೇಲಲೇಬೇಕು. ತಿರುಮಕೂಡಲಿನ ಸಂಗಮದಲ್ಲಿ ಕಾಣುವ ಹರಿಗೋಲಿನ ರಹಸ್ಯವೂ ಇದೇ. ಎರಡು ಮೀಟರು ವ್ಯಾಸದ, ತಳ ಬಹುಮಟ್ಟಿಗೆ ಚಪ್ಪಟೆಯಾದ ಹರಿಗೋಲು ಕೇವಲ 10 ಸೆಂಟಿಮೀಟರು ಮುಳುಗಿದರೆ ತಳ್ಳುವ ನೀರು ಸುಮಾರು 314 ಲೀಟರು. ಅಂದರೆ ಬುಟ್ಟಿಯ ಭಾರವೂ ಸೇರಿ 314 ಕಿಲೋಗ್ರಾಂ ತೂಕವನ್ನು ಅದು ಹೊರಬಲ್ಲುದು. ಬಿದಿರು ಹೆಣೆದ ಬುಟ್ಟಿಗೆ ಎಷ್ಟು ಬಲವೆಂದು ಬೆರಗಾಗಬೇಡಿರಿ. ಬಲ ಬಿದಿರಿನದಲ್ಲ, ನೀರಿನದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೀರಿನ ಆಟವೆಲ್ಲ ಮನೆಯ ಪಾತ್ರೆಯಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ ನಡೆಯತಕ್ಕದ್ದು. ಎಳೆಮಗು ಮೊಣಕೈಯುದ್ದದ ನೀರಿನಲ್ಲಿಯೂ ಉಸಿರುಗಟ್ಟಬಲ್ಲುದು. ಬಾಗಿಲು ತಟ್ಟಿದರೆಂದು ಎದ್ದುಹೋಗುವ ಮುನ್ನ ನೀರನ್ನು ಚೆಲ್ಲಿ ಹೋಗಬೇಕು. ಕಪಿಲೆಯ ಸ್ನಾನಘಟ್ಟವಾಗಲಿ ಸಂಗಮದ ಮೆಟ್ಟಿಲಾಗಲಿ ಈ ಪ್ರಯೋಗಗಳಿಗೆ ಸ್ಥಳವಲ್ಲ.

ಮೂರನೆಯ ಆಟ ನೀರನ್ನು ಸುರಿಯುವುದು. ಎಲ್ಲಕ್ಕಿಂತ ಸೋಜಿಗವಾದುದು ಇದೇ ಎಂದು ನಮ್ಮ ಅಭಿಪ್ರಾಯ. ಒಂದೇ ಬಗೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ನಾಲ್ಕು ವರ್ಷದ ಮಗುವಿಗೆ ತೋರಿಸಿ, ಎರಡರಲ್ಲಿಯೂ ಒಂದೇ ಸಮನಾಗಿದೆಯೆಂದು ಒಪ್ಪಿಸಿರಿ. ಬಳಿಕ ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಉದ್ದವಾದ ಸಪೂರ ಲೋಟಕ್ಕೆ ಸುರಿದು, ‘ಈಗ ಯಾವುದರಲ್ಲಿ ಹೆಚ್ಚು?’ ಎಂದು ಕೇಳಿರಿ. ಸಪೂರ ಲೋಟವನ್ನೇ ಮಗು ತೋರಿಸುವ ಸಂಭವ ಹೆಚ್ಚು. ಮತ್ತೆ ಮೊದಲಿನ ಲೋಟಕ್ಕೆ ಸುರಿದರೆ ‘ಸಮ’ ಎನ್ನುವುದು. ಸಪೂರ ಲೋಟಕ್ಕೆ ಸುರಿದರೆ ‘ಹೆಚ್ಚು’ ಎನ್ನುವುದು. ಈ ವಿರೋಧ ಅದನ್ನು ಸ್ವಲ್ಪವೂ ಬಾಧಿಸದು. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಎಂಬ ವಿದ್ವಾಂಸನು ಇಂಥ ಪ್ರಯೋಗಗಳಿಂದ ಜಗತ್ಪ್ರಸಿದ್ಧನಾದನು. ಮಗುವಿನ ಗಮನ ಒಂದು ಸಲಕ್ಕೆ ಒಂದೇ ಅಳತೆಯ ಮೇಲೆ ನಿಲ್ಲುವುದೆಂದೂ, ಎತ್ತರವನ್ನು ನೋಡುವಾಗ ಅಗಲವನ್ನು ಅದು ಮರೆಯುವುದೆಂದೂ, ಆರೇಳು ವರ್ಷದ ಸುಮಾರಿಗೆ ಮಾತ್ರ ‘ಸುರಿದರೆ ನೀರು ಹೆಚ್ಚಾಗದು’ ಎಂಬ ತಿಳಿವಳಿಕೆ ಗಟ್ಟಿಯಾಗುವುದೆಂದೂ ಅವನು ವಾದಿಸಿದನು.

ಪಿಯಾಜೆಯ ಮಾತೇ ಕೊನೆಯ ಮಾತಲ್ಲ. ಅವನ ಇನ್ನೊಂದು ಪ್ರಯೋಗದಲ್ಲಿ ಎರಡು ಸಾಲು ಗುಂಡಿಗಳನ್ನು ಸಮನಾಗಿ ಜೋಡಿಸಿ, ಒಂದು ಸಾಲನ್ನು ಅಗಲಿಸಿದೊಡನೆ, ಅಗಲವಾದ ಸಾಲಿನಲ್ಲಿಯೇ ಹೆಚ್ಚು ಗುಂಡಿಗಳಿವೆಯೆಂದು ಮಕ್ಕಳು ಹೇಳುತ್ತಿದ್ದರು. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಇಬ್ಬರು ಸ್ಕಾಟ್ಲೆಂಡಿನಲ್ಲಿ ಇದನ್ನೇ ತುಸು ಬದಲಿಸಿ ಮಾಡಿದರು. ಸಾಲನ್ನು ಕೆಡಿಸಿದುದು ಪ್ರಯೋಗಕಾರನಲ್ಲ. ಡಬ್ಬಿಯಿಂದ ನುಗ್ಗಿ ಬಂದ ತುಂಟ ಕರಡಿಬೊಂಬೆ! ಆಗ ಸರಿಯುತ್ತರ ಕೊಟ್ಟ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು. ಏಕೆ? ದೊಡ್ಡವರೊಬ್ಬರು ಬೇಕೆಂದೇ ಏನನ್ನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೆಂದು ಮಗು ಊಹಿಸುವುದು. ಕರಡಿಯ ತುಂಟತನಕ್ಕೆ ಅಂಥ ಅರ್ಥವಿಲ್ಲವಷ್ಟೆ. ಮಗು ವಸ್ತುವನ್ನು ಮಾತ್ರವಲ್ಲ, ಕೇಳುವವರ ಮುಖವನ್ನೂ ಓದುತ್ತಿರುತ್ತದೆ. ಪ್ರಶ್ನೆ ಕೇಳುವ ಕಸಬಿನವರಾದ ನಾವು ಅಧ್ಯಾಪಕರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ನೀವೂ ಈ ಪ್ರಯೋಗವನ್ನು ಎರಡು ಬಗೆಯಾಗಿಯೂ ಮಾಡಿ ನೋಡಬಹುದು. ಕರಡಿ ಸಿಗದಿದ್ದರೆ ಕಾಲುಚೀಲದೊಳಗೆ ಕೈಯಿಟ್ಟು ಇಲಿಯನ್ನು ಮಾಡಿಕೊಳ್ಳಿರಿ. ಗುಂಡಿಗಳ ಬದಲು ಬಾಟಲಿಯ ದೊಡ್ಡ ಮುಚ್ಚಳಗಳಿರಲಿ.

ಸುರಿಯುವ ಆಟಕ್ಕೆ ನಮ್ಮ ಹಳೆಯ ಅಳತೆಗಳು ಹೇಳಿ ಮಾಡಿಸಿದಂತಿವೆ. ಮೆಟ್ರಿಕ್ ಪದ್ಧತಿ 1958ರಿಂದ ಮೊದಲ್ಗೊಂಡು ಹಂತಹಂತವಾಗಿ ಜಾರಿಗೆ ಬಂದರೂ, ಪಾವು, ಅಚ್ಚೇರು, ಸೇರುಗಳು ಅನೇಕ ಮನೆಗಳ ಅಟ್ಟದ ಮೇಲೆ ಇನ್ನೂ ಉಳಿದಿವೆ. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಒಂದು ಬುಟ್ಟಿ ರಾಗಿಯನ್ನೂ ಈ ಮೂರು ಅಳತೆಗಳನ್ನೂ ಕೊಟ್ಟರೆ ಐದು ವರ್ಷದ ಮಗು ಅರ್ಧ, ಕಾಲು, ಇಮ್ಮಡಿಗಳನ್ನು ಕೈಯಲ್ಲಿಯೇ ಕಲಿತುಬಿಡುವುದು. ಮುಂದೆ ಭಿನ್ನರಾಶಿಯೆಂಬ ಹೆಸರು ಕೇಳಿ ನಡುಗಬೇಕಾದ ಪ್ರಮೇಯವಿಲ್ಲ. ಮಗುವಿನ ಭ್ರಮೆಯನ್ನು ಕಂಡು ನಗುವ ಮುನ್ನ ನೀವೊಂದು ಪರೀಕ್ಷೆಗೆ ನಿಲ್ಲಿರಿ: ಕುಡಿಯುವ ನೀರಿನ ಸಾಮಾನ್ಯ ಲೋಟವನ್ನು ಮುಂದಿಟ್ಟುಕೊಂಡು, ಅದರ ಎತ್ತರ ಹೆಚ್ಚೋ ಬಾಯಿಯ ಸುತ್ತಳತೆ ಹೆಚ್ಚೋ ಎಂದು ಕಣ್ಣಳತೆಯಿಂದ ಹೇಳಿರಿ. ಆಮೇಲೆ ದಾರದಿಂದ ಅಳೆಯಿರಿ. 7 ಸೆಂಟಿಮೀಟರು ವ್ಯಾಸದ ಲೋಟದ ಸುತ್ತಳತೆ 22 ಸೆಂಟಿಮೀಟರು. ಎತ್ತರ ಹನ್ನೆರಡನ್ನು ಮುಟ್ಟುವುದೂ ಅಪರೂಪ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ದೇವಸ್ಥಾನವನ್ನು ಕಂಡವರಿಗೆ, ಆ ಮೂರ್ತಿಯ ಕೈಯಲ್ಲಿ ಗುಲಗಂಜಿ ಇದೆಯೆಂಬ ಪ್ರತೀತಿ ಗೊತ್ತಿರಬೇಕು. ಈ ಕ್ಷೇತ್ರದ ಮಹಿಮೆ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಸ್ಥಳದವರು ಹೇಳುವರು. ಗುಲಗಂಜಿ ಹಿಂದೆ ಅಕ್ಕಸಾಲಿಗರ ತೂಕ, ಸುಮಾರು 0.12 ಗ್ರಾಂ. ಎಂಟು ಗುಲಗಂಜಿ ಕೂಡಿದರೆ ಒಂದು ಗ್ರಾಮಿನಷ್ಟು. ಕಾಶಿಯನ್ನೂ ತಿರುಮಕೂಡಲನ್ನೂ ತೂಗಿ ಇಷ್ಟು ಸಣ್ಣ ವ್ಯತ್ಯಾಸವನ್ನು ಕಂಡುಹಿಡಿದ ತಕ್ಕಡಿಯ ಸೂಕ್ಷ್ಮತೆಯನ್ನು ಭೌತವಿಜ್ಞಾನದ ಅಧ್ಯಾಪಕರು ಮೆಚ್ಚಲೇಬೇಕು! ಮಕ್ಕಳಿಗೆ ನಾವು ಮಾಡಿಕೊಡುವ ತಕ್ಕಡಿ ಅಷ್ಟು ಸೂಕ್ಷ್ಮವಾಗಬೇಕಾಗಿಲ್ಲ. ಎರಡು ತೆಂಗಿನ ಚಿಪ್ಪು, ಒಂದು ನೇರವಾದ ಬಿದಿರುಕಡ್ಡಿ, ಒಂದಿಷ್ಟು ದಾರ ಸಾಕು. ಒಂದು ಚಿಪ್ಪಿನಲ್ಲಿ ದೊಡ್ಡದೊಂದು ಥರ್ಮೊಕೋಲಿನ ತುಂಡು, ಇನ್ನೊಂದರಲ್ಲಿ ಪುಟ್ಟದೊಂದು ಕಲ್ಲು: ದೊಡ್ಡದಾದುದೆಲ್ಲ ಭಾರವಲ್ಲವೆಂದು ಮಗುವಿಗೆ ತಕ್ಕಡಿ ತಿಳಿಸುವುದು. ತೂಗುವ ದಾರವನ್ನು ಕಡ್ಡಿಯ ನಡುವಿನಿಂದ ಒಂದು ಕಡೆಗೆ ಸರಿಸಿದರೆ ‘ಮೋಸದ ತಕ್ಕಡಿ’ಯಾಗುವುದು. ಐದಾರು ವರ್ಷದವರು ಈ ಮೋಸವನ್ನು ಕಂಡುಹಿಡಿಯುವುದರಲ್ಲಿ ಬಹಳ ಚತುರರು. ಎರಡು ಚಿಪ್ಪುಗಳಲ್ಲಿರುವುದನ್ನು ಅದಲುಬದಲು ಮಾಡಿ ನೋಡುವ ಉಪಾಯವನ್ನು ತಾವೇ ಕಂಡುಕೊಳ್ಳುವುದುಂಟು. ಸನ್ನೆಯ ನಿಯಮ ನಿಮಗೆ ಗೊತ್ತಿದೆ: ಭಾರ ಮತ್ತು ಆಧಾರದಿಂದ ಅದರ ದೂರ, ಇವುಗಳ ಗುಣಲಬ್ಧ ಎರಡು ಕಡೆಯೂ ಸಮನಾದರೆ ಸಮತೋಲ. ಏತದ ಹಲಗೆಯ ಒಂದು ತುದಿಯಲ್ಲಿ, ನಡುವಿನಿಂದ ಎರಡು ಮೀಟರು ದೂರದಲ್ಲಿ 15 ಕಿಲೋಗ್ರಾಂ ತೂಕದ ತಮ್ಮ ಕುಳಿತರೆ, 45 ಕಿಲೋಗ್ರಾಂ ತೂಕದ ಅಣ್ಣ ನಡುವಿನಿಂದ 67 ಸೆಂಟಿಮೀಟರಿನಷ್ಟು ದೂರದಲ್ಲಿ ಕುಳಿತುಕೊಳ್ಳಬೇಕು. ತಮ್ಮನು ಅಣ್ಣನನ್ನು ಎತ್ತಿದನೆಂಬ ಹೆಮ್ಮೆ ಒಂದು ವಾರವಾದರೂ ಉಳಿಯುವುದು.

ಗುಲಗಂಜಿಯ ಕೆಂಪುಕಪ್ಪು ಬೀಜ ನೋಟಕ್ಕೆ ಬಹು ಚೆಂದ. ಬೇಲಿಯ ಮೇಲೆ ಸಿಕ್ಕೀತು ಕೂಡ. ಆದರೆ ಅದರಲ್ಲಿ ಏಬ್ರಿನ್ ಎಂಬ ಕಡುವಿಷವಿದೆ. ಮಗು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಎಳೆಯರ ಆಟದಲ್ಲಿ ಅದಕ್ಕೆ ಎಂದಿಗೂ ಎಡೆಯಿಲ್ಲ. ಹುಣಸೆಬೀಜ, ಕಡಲೆಕಾಳು, ಗೋಲಿಗಳು ವಿಷವಲ್ಲದಿದ್ದರೂ ಮೂಗಿಗೋ ಗಂಟಲಿಗೋ ಸೇರುವ ಗಾತ್ರದವು. ಆದ್ದರಿಂದ ಮೂರು ನಾಲ್ಕು ವರ್ಷದವರ ಕೈಗೆ ಅವನ್ನು ಕೊಡಬಾರದು. ಅಳಗುಳಿಮಣೆಯಂಥ ಸೊಗಸಾದ ಎಣಿಕೆಯಾಟವನ್ನು ನಾವು ಐದು ತುಂಬಿದ ಮೇಲೆಯೇ ಹೇಳುವುದು ಇದಕ್ಕಾಗಿ. ಒಂದೊಂದು ಗುಳಿಗೆ ಒಂದೊಂದೇ ಬೀಜವನ್ನು ಹಾಕುತ್ತ ಸಾಗುವಾಗ, ಎಣಿಸುವುದೆಂದರೆ ಒಂದಕ್ಕೊಂದನ್ನು ಜೋಡಿಸುವುದೆಂಬ ಗಣಿತದ ಮೂಲತತ್ತ್ವ ಮಗುವಿನ ಬೆರಳುಗಳಿಗೆ ತಿಳಿದುಬಿಡುತ್ತದೆ.

ನಂಜನಗೂಡಿನಲ್ಲಿ ದೊಡ್ಡ ಜಾತ್ರೆಯ ಕಾಲಕ್ಕೆ ಐದು ತೇರುಗಳು ಬೀದಿಗಿಳಿಯುವುದನ್ನು ಕಂಡ ಮಕ್ಕಳು, ಮರುದಿನವೇ ಕೈಗೆ ಸಿಕ್ಕಿದ ಡಬ್ಬಿಗೆ ಹಗ್ಗ ಕಟ್ಟಿ ಎಳೆಯುವರು. ಡಬ್ಬಿ ನೆಲಕ್ಕೆ ತೀಡಿಕೊಂಡು ಬರುವುದು. ಅದರ ಕೆಳಗೆ ನಾಲ್ಕು ಪೆನ್ಸಿಲುಗಳನ್ನು ಅಡ್ಡವಾಗಿ ಇಟ್ಟುಕೊಟ್ಟು ಮತ್ತೆ ಎಳೆಯಹೇಳಿರಿ. ಜಾರುವಿಕೆಯ ಘರ್ಷಣೆಗೂ ಉರುಳುವಿಕೆಗೂ ಇರುವ ಭೇದ ಹಗ್ಗ ಹಿಡಿದ ಕೈಗೇ ಗೊತ್ತಾಗುವುದು. ತಾಟಿನಿಂಗಿನ ಬುರುಡೆಗಳನ್ನು ಕಡ್ಡಿಗೆ ಚುಚ್ಚಿ ಗಾಡಿ ಮಾಡುವ ಹಳ್ಳಿಯ ಹುಡುಗರು ಇದನ್ನು ಯಾರಿಂದಲೂ ಕಲಿಯಲಿಲ್ಲ. ಇಳಿಜಾರಾದ ಹಲಗೆಯ ಮೇಲೆ ಒಂದು ಮೋಸಂಬಿಯನ್ನೂ, ಅಂಟುಪಟ್ಟಿ ಮುಗಿದು ಉಳಿದ ರಟ್ಟಿನ ಬಳೆಯನ್ನೂ ಒಟ್ಟಿಗೆ ಬಿಟ್ಟು ಯಾವುದು ಗೆಲ್ಲುವುದೆಂದು ಕೇಳಿರಿ. ಮೋಸಂಬಿಯೇ ಗೆಲ್ಲುವುದು. ಗಟ್ಟಿಗೋಳದ ವೇಗೋತ್ಕರ್ಷ ಜಾರುವ ವಸ್ತುವಿನದರ ಏಳರಲ್ಲಿ ಐದು ಪಾಲು. ಬಳೆಯದು ಅರ್ಧ ಮಾತ್ರ. ಬಳೆಯ ದ್ರವ್ಯವೆಲ್ಲ ಅಂಚಿನಲ್ಲಿಯೇ ಇರುವುದರಿಂದ ಅದನ್ನು ತಿರುಗಿಸುವುದಕ್ಕೇ ಶಕ್ತಿಯ ಹೆಚ್ಚು ಪಾಲು ವೆಚ್ಚವಾಗುವುದು. ಗೋಳಕ್ಕೆ ಹಿಡಿಯುವ ಕಾಲ ಐದು ಪಾಲಾದರೆ ಬಳೆಗೆ ಹೆಚ್ಚುಕಡಿಮೆ ಆರು ಪಾಲು. ತೂಕವನ್ನಾಗಲಿ ಗಾತ್ರವನ್ನಾಗಲಿ ಬದಲಿಸಿದರೂ ಈ ಪ್ರಮಾಣ ಬದಲಾಗದು. ಜಡತ್ವದ ಮಹತ್ತ್ವವನ್ನು ಲೆಕ್ಕದ ರೂಪದಲ್ಲಿ ಮಾತ್ರ ಬಲ್ಲ ಬಿ.ಎಸ್‌ಸಿ. ತರಗತಿಯವರು ಇದನ್ನು ತಮ್ಮ ತಂಗಿಯೊಡನೆ ಆಡಿದರೆ ಇಬ್ಬರಿಗೂ ಲಾಭ.

ನಂಜನಗೂಡಿನ ಇನ್ನೊಂದು ಹಿರಿಮೆ ಕಪಿಲೆಯ ಮೇಲಿನ ಹಳೆಯ ಕಲ್ಲುಸೇತುವೆ. 1735ರಲ್ಲಿ ಕಟ್ಟಿದುದೆಂದು ಹೇಳುವ ಈ ಸೇತುವೆ ಬಹುಕಾಲ ರಸ್ತೆಯನ್ನೂ ರೈಲುದಾರಿಯನ್ನೂ ಒಟ್ಟಿಗೆ ಹೊತ್ತುಕೊಂಡಿತ್ತು. ಎರಡು ಡಬ್ಬಿಗಳ ಮೇಲೆ ಒಂದು ಹಾಳೆಯನ್ನು ಹಾಸಿ, ನಡುವೆ ಒಂದು ಆಟದ ಮೋಟಾರನ್ನಿಟ್ಟರೆ ಹಾಳೆ ಕುಸಿಯುವುದು. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿ ಹಾಸಿದರೆ ಮೋಟಾರು ನಿಲ್ಲುವುದು. ದಪ್ಪ ರಟ್ಟನ್ನು ಡಬ್ಬಿಗಳ ನಡುವೆ ಕಮಾನಿನಂತೆ ಬಗ್ಗಿಸಿಟ್ಟರೂ ನಿಲ್ಲುವುದು. ಹಾಳೆಗೆ ಹೊಸದಾಗಿ ಏನನ್ನೂ ಕೂಡಿಸಲಿಲ್ಲ, ಆಕಾರ ಬದಲಾಯಿತು ಅಷ್ಟೆ. ತೊಲೆಯ ಬಿಗಿತ ಅದರ ಆಳದ ಘನಕ್ಕೆ ಅನುಗುಣವಾಗಿ ಏರುವುದರಿಂದ ಮಡಿಕೆಯ ಹಾಳೆಗೆ ಅಷ್ಟು ಬಲ. ಕಮಾನಿನಲ್ಲಾದರೋ ಭಾರವೆಲ್ಲ ಒತ್ತಡವಾಗಿ ಪಕ್ಕಕ್ಕೆ ಸಾಗುವುದು. ಕಲ್ಲು ಎಳೆತಕ್ಕೆ ಬಿರಿಯುವುದು, ಒತ್ತಡವನ್ನು ಚೆನ್ನಾಗಿ ತಾಳುವುದು. ಹಿಂದಿನವರು ಕಲ್ಲಿನಲ್ಲಿ ಕಮಾನುಗಳನ್ನು ಕಟ್ಟಿದುದಕ್ಕೆ ಇದೇ ಕಾರಣ.

ಮರಳಿನ ವಿಷಯವನ್ನು ಬಿಟ್ಟರೆ ತಲಕಾಡಿನ ಸೀಮೆಯವರು ನಮ್ಮನ್ನು ಕ್ಷಮಿಸಲಾರರು. ಒಣಮರಳನ್ನು ಮುಷ್ಟಿಯಿಂದ ಮೆಲ್ಲನೆ ಸುರಿದು ಗುಡ್ಡೆ ಮಾಡಹೇಳಿರಿ. ಗುಡ್ಡೆ ದೊಡ್ಡದಾದಂತೆಲ್ಲ ಅಗಲವಾಗುವುದೇ ಹೊರತು ಕಡಿದಾಗದು. ಅದರ ಇಳಿಜಾರು 30ರಿಂದ 35 ಅಂಶಗಳೊಳಗೇ ನಿಲ್ಲುವುದು. ಗುಡಿಗಳನ್ನು ಮುಚ್ಚಿದ ತಲಕಾಡಿನ ದಿಬ್ಬಗಳಲ್ಲಿಯೂ ಮರಳು ಜಾರುವ ಮಗ್ಗುಲಿಗೆ ಈ ಕೋನವೇ ಮಿತಿ. ತುಸು ನೀರು ಬೆರೆಸಿದೊಡನೆ ಅದೇ ಮರಳು ಗೋಡೆಯಂತೆ ನೆಟ್ಟಗೆ ನಿಲ್ಲುವುದು; ಕಣಗಳ ನಡುವಣ ನೀರಿನ ತೆಳುಪೊರೆಯ ಮೇಲ್ಮೈ ಸೆಳೆತ ಅವನ್ನು ಬಿಗಿಯುವುದು. ನೀರು ಮಿತಿಮೀರಿದರೆ ಮತ್ತೆ ಕುಸಿಯುವುದು. ಎಷ್ಟು ನೀರು ಹಾಕಿದರೆ ಕೋಟೆ ಚೆನ್ನಾಗಿ ನಿಲ್ಲುವುದೆಂಬುದನ್ನು ಮಗುವೇ ಗೊತ್ತುಮಾಡಲಿ.

ಇಷ್ಟು ಆಟಗಳಲ್ಲಿಯೂ ‘ಏಕೆ?’ ಎಂಬ ಪ್ರಶ್ನೆಯನ್ನು ಮಗುವಿಗೆ ಹಾಕಬೇಕೆಂದು ನಾವೆಲ್ಲಿಯೂ ಹೇಳಲಿಲ್ಲ. ಚಮಚ ಏಕೆ ಮುಳುಗಿತೆಂದು ನಾಲ್ಕು ವರ್ಷದ ಮಗುವನ್ನು ಕೇಳಿದರೆ ‘ಅದಕ್ಕೆ ನಿದ್ದೆ ಬಂತು’ ಎಂದೀತು. ಅದು ತಪ್ಪಲ್ಲ, ಆ ವಯಸ್ಸಿನ ವಿವರಣೆ ಅದು. ‘ಏನಾದೀತು?’, ‘ಹೀಗೆ ಮಾಡಿದರೆ?’, ‘ಇನ್ನೊಮ್ಮೆ ನೋಡೋಣವೇ?’ ಎಂಬ ಮೂರು ಮಾತುಗಳು ಎಳೆಯರೊಡನೆ ಸಾಕು. ಅದಾಗಿ ಮಗುವೇ ‘ಏಕೆ?’ ಎಂದು ಕೇಳಿದರೆ, ಸಾಂದ್ರತೆ, ಪ್ಲವನತೆ ಎಂದು ಉಪನ್ಯಾಸಕ್ಕೆ ಹೊರಡದೆ, ಉತ್ತರ ಕೊಡಬಲ್ಲ ಇನ್ನೊಂದು ಆಟವನ್ನು ತೋರಿಸುವುದು ಜಾಣತನ. ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಇದು ಎಲ್ಲಕ್ಕಿಂತ ಕಷ್ಟವಾದ ಭಾಗ. ಪರೀಕ್ಷೆಗೆ ಓದಿದ ಉತ್ತರ ನಾಲಿಗೆಯ ತುದಿಯಲ್ಲಿ ತವಕಿಸುತ್ತಿರುತ್ತದೆ. ಸಮೀಪದ ಅಂಗನವಾಡಿಯ ಕಾರ್ಯಕರ್ತೆಯ ಅನುಮತಿ ಪಡೆದು ವಾರಕ್ಕೊಂದು ಗಂಟೆ ಅಲ್ಲಿಯ ಮಕ್ಕಳೊಡನೆ ಆಡಲು ಹೋಗುವವರಿಗೆ ಈ ಸಂಯಮ ಇನ್ನೂ ಹೆಚ್ಚು ಬೇಕು.

ಕಡೆಯದಾಗಿ ನೆರಳಿನ ಆಟ. ಬೆಳಗ್ಗೆ ಮಗುವಿನ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಎರಡು ಗಂಟೆ ಕಳೆದು ಅದೇ ಜಾಗದಲ್ಲಿ ನಿಲ್ಲಿಸಿದರೆ ನೆರಳು ಗೆರೆಯೊಳಗೆ ಕೂಡದು. ನಾಲ್ಕು ವರ್ಷದವರಿಗೆ ಇಷ್ಟೇ ಸಾಕು. ನಿಮಗೆ ಇನ್ನೂ ಸ್ವಲ್ಪ ಹೆಚ್ಚಿನದಿದೆ. ನಂಜನಗೂಡು ಭೂಮಧ್ಯರೇಖೆಯಿಂದ ಸುಮಾರು 12.1 ಅಂಶ ಉತ್ತರಕ್ಕಿದೆ. ಆದುದರಿಂದ ವರ್ಷದಲ್ಲಿ ಎರಡು ಸಲ, ಏಪ್ರಿಲ್ 22 ಮತ್ತು ಆಗಸ್ಟ್ 21ರ ಸುಮಾರಿಗೆ, ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಬರುವನು. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುವುದು, ಉಳಿದ ಕಾಲದಲ್ಲಿ ಉತ್ತರಕ್ಕೆ. ಒಂದು ಮೀಟರಿನ ಕೋಲಿನ ನೆರಳು ಜೂನ್ 21ರಂದು ದಕ್ಷಿಣಕ್ಕೆ 20 ಸೆಂಟಿಮೀಟರು, ಡಿಸೆಂಬರ್ 22ರಂದು ಉತ್ತರಕ್ಕೆ 71 ಸೆಂಟಿಮೀಟರು. ಏಪ್ರಿಲ್ 22ರಂದು ನಂಜನಗೂಡಿನಲ್ಲಿ ನೆರಳೇ ಇಲ್ಲದಾಗ ಬೀದರಿನಲ್ಲಿ ಅದೇ ಅಳತೆಯ ಕೋಲಿಗೆ 10 ಸೆಂಟಿಮೀಟರಿನಷ್ಟು ನೆರಳಿರುವುದು. ಅಲ್ಲಿ ಪರಿಚಯದವರಿದ್ದರೆ ಇಬ್ಬರೂ ಕೂಡಿ ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು. ನಮ್ಮಲ್ಲಿ ನಡುಹಗಲೆಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ, 12 ಗಂಟೆ 20ರಿಂದ 25 ನಿಮಿಷ. ಆಗಸ್ಟಿನಲ್ಲಿ ಮೋಡದ ಕಾಟವಿರುವುದರಿಂದ ಏಪ್ರಿಲಿನ ದಿನವೇ ಮೇಲು. ಬಿಸಿಲು ಕಡಿದಾಗಿರುವ ಹೊತ್ತಾದುದರಿಂದ ಮಗುವನ್ನು ಬಿಸಿಲಿನಲ್ಲಿ ನಿಲ್ಲಿಸದೆ, ಅಂಗಳದಲ್ಲಿ ಒಂದು ಲೋಟವನ್ನು ಬೋರಲಾಗಿಟ್ಟು ಜಗಲಿಯ ನೆರಳಿನಿಂದಲೇ ತೋರಿಸಿರಿ.